ಹೆಸರಿನ ಬಾಲ ನೋಡಿ ಬರೀರಿ

ಸಂಪಾದಕರಿಗೆ ನಮಸ್ಕಾರ.

ನಾನು ಮುಧೋಳ ತಾಲ್ಲೂಕಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡವನು. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದೆ, ನೌಕರಿ ಸಿಗಲಿಲ್ಲ, ಅಪ್ಪನ ಗಲ್ಲಾಪೆಟ್ಟಿಗೆ ಮುಂದೆ ಬಂದು ಕುಳಿತೆ. ನಿಮ್ಮ ಪತ್ರಿಕೆ ನಮ್ಮ ಅಂಗಡಿಗೆ ಬಹಳ ವರ್ಷಗಳಿಂದ ಬರುತ್ತಿದೆ. ಅದನ್ನು ನಾನೊಬ್ಬನೇ ಓದುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಬೆಂಚಿನ ಮೇಲೆ ಇಟ್ಟರೆ ಸಂಜೆಯೊಳಗೆ ಹತ್ತಿಪ್ಪತ್ತು ಕೈ ಸೇರಿ, ಚಹಾದ ಕಲೆ ಹತ್ತಿ, ಹಾಳೆ ಹಾಳೆ ಬೇರೆಯಾಗಿರುತ್ತದೆ. ಹಾಗಾಗಿ ನಿಮ್ಮಲ್ಲಿ ಒಂದು ಅಕ್ಷರ ತಪ್ಪಿದರೆ ಅದರ ಬಿಸಿ ಮೊದಲು ತಟ್ಟುವುದು ನಮ್ಮಂಥ ಅಂಗಡಿಗಳಿಗೆ.

ಕಳೆದ ವಾರ ನಮ್ಮೂರಿನ ಹಿರಿಯರೊಬ್ಬರು ನಿಮ್ಮ ಕೃಷಿ ಪುಟದ ತುಂಡು ಕತ್ತರಿಸಿ ಅಂಗಿ ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದರು.

"ತಮ್ಮಾ, ಇಪ್ಪತ್ತ್ ಚೀಲ ಸುಣ್ಣ ತರಿಸಿ ಕೊಡ್ತೀಯೇನು?"

"ಯಾಕ್ರಿ ಕಾಕಾ, ಮನಿಗೆ ಬಣ್ಣ ಹಚ್ಚತೀರೇನ್ರಿ?"

"ಮನಿಗಲ್ಲೋ, ಹೊಲಕ್ಕ. ಸವಳಿಗೆ ಸುಣ್ಣ ಹಾಕ್ರಿ ಅಂತ ಪೇಪರ್‌ನ್ಯಾಗ ಬಂದೈತಿ, ನೋಡಿಲ್ಲ?"

ನೋಡಿದೆ. ಹೌದು, ಹಾಗೇ ಬಂದಿತ್ತು. ಸವಳು ಭೂಮಿ ಸುಧಾರಿಸಲು ಸುಣ್ಣ ಹಾಕಬೇಕು ಅಂತ ದಪ್ಪಕ್ಷರದಲ್ಲಿ. ಬರೆದವರು ಯಾರೋ ತಜ್ಞರನ್ನೇ ಕೇಳಿ ಬರೆದಿರಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅವರು ಹೇಳಿದ್ದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್ ಇರಬೇಕು. ಕಚೇರಿಯಲ್ಲಿ ಯಾರೋ ಅದನ್ನು ಸರಳ ಮಾಡಲು ಹೋಗಿ ಸುಣ್ಣ ಮಾಡಿದ್ದಾರೆ ಅಂತ ನನ್ನ ಊಹೆ. ಯಾಕೆಂದರೆ ನಮ್ಮ ಕನ್ನಡದಲ್ಲಿ ಕ್ಯಾಲ್ಸಿಯಂ ಅಂದರೆ ಸುಣ್ಣ ಅಂತಲೇ ರೂಢಿ. ಡಾಕ್ಟರು ಕೂಡ "ಮೈಯಲ್ಲಿ ಸುಣ್ಣದ ಅಂಶ ಕಡಿಮೆ ಆಗಿದೆ" ಅಂತಾರೆ, ನಾವು ತಲೆ ಅಲ್ಲಾಡಿಸಿ ಗುಳಿಗೆ ತರುತ್ತೇವೆ. ದವಾಖಾನೆಯಲ್ಲಿ ಆ ಮಾತು ನಡೆಯುತ್ತದೆ. ಹೊಲದಲ್ಲಿ ನಡೆಯುವುದಿಲ್ಲ.

ಯಾಕೆ ನಡೆಯುವುದಿಲ್ಲ ಅಂತ ಕಾಕಾಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಕಡೆ ಕಾಲುವೆ ನೀರು ಹರಿದು ಹರಿದು ಕೆಟ್ಟ ಭೂಮಿಗೆಲ್ಲ ನಾವು ಒಂದೇ ಹೆಸರು ಇಟ್ಟಿದ್ದೇವೆ, ಸವಳು. ಆದರೆ ಅದರೊಳಗೆ ಎರಡು ಬೇರೆ ಬೇರೆ ರೋಗ ಇವೆ. ಒಂದರಲ್ಲಿ ಮಣ್ಣಿನೊಳಗೆ ಉಪ್ಪು ಜಾಸ್ತಿ. ಬೇಸಿಗೆಯಲ್ಲಿ ಮೇಲೆ ಬಿಳಿ ಪದರ ಬರುತ್ತದೆ, ಮಣ್ಣು ಪರೀಕ್ಷೆ ಚೀಟಿಯಲ್ಲಿ ಇಸಿ ಅನ್ನೋದು, ಅಂದರೆ ಉಪ್ಪಿನ ಅಳತೆ, 4 ದಾಟಿರುತ್ತದೆ. ಇದಕ್ಕೆ ಬಸಿಗಾಲುವೆ ತೋಡಿ, ಒಳ್ಳೆಯ ನೀರು ನಿಲ್ಲಿಸಿ ಉಪ್ಪು ತೊಳೆದು ಹೊರಗೆ ಹಾಕಬೇಕು. ಸುಮ್ನೆ ಯಾವ ಚೀಲ ತಂದು ಸುರಿದರೂ ಉಪಯೋಗವಿಲ್ಲ. ಇನ್ನೊಂದರಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿ ಕುಳಿತಿರುತ್ತದೆ. ಪಿಎಚ್, ಅಂದರೆ ಹುಳಿ ಕ್ಷಾರದ ಅಳತೆ, 8.5 ದಾಟಿರುತ್ತದೆ, ನೀರು ಬಿಟ್ಟರೆ ಇಂಗುವುದಿಲ್ಲ, ಒಣಗಿದರೆ ಕಲ್ಲಿನಂತೆ ಆಗುತ್ತದೆ. ಜಿಪ್ಸಮ್ ಬೇಕಾಗುವುದು ಈ ಎರಡನೆಯದಕ್ಕೆ. ಜಿಪ್ಸಮ್ಮಿನ ಕ್ಯಾಲ್ಸಿಯಂ ಆ ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ, ಎದ್ದ ಸೋಡಿಯಂ ಸಲ್ಫೇಟಿನ ಜೊತೆ ಸೇರಿ ನೀರಲ್ಲಿ ಕರಗಿ ಬಸಿದು ಹೋಗುತ್ತದೆ.

ಸುಣ್ಣದಲ್ಲೂ ಕ್ಯಾಲ್ಸಿಯಂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಹುಳಿ ಮಣ್ಣಿನ ಔಷಧಿ, ಮಲೆನಾಡು ಕರಾವಳಿ ಕಡೆಯದು. ಅದು ಪಿಎಚ್ ಏರಿಸುತ್ತದೆ. ಮೊದಲೇ ಪಿಎಚ್ ಏರಿ ಕುಳಿತ ನಮ್ಮ ಎರೆಭೂಮಿಗೆ ಸುಣ್ಣ ಹಾಕುವುದು ಅಂದರೆ ಜ್ವರ ಬಂದವನಿಗೆ ಕಂಬಳಿ ಮೇಲೆ ಕಂಬಳಿ ಹೊದಿಸಿದ ಹಾಗೆ. ಅದೂ ಅಲ್ಲದೆ ನಮ್ಮ ಮಣ್ಣಲ್ಲಿ ಸುಣ್ಣದ ಹರಳು ಬೇಕಾದಷ್ಟಿವೆ, ನೇಗಿಲು ಹೊಡೆದರೆ ಬೆಳ್ಳಗೆ ಮೇಲೆ ಬರುತ್ತವೆ. ಅವು ಅಷ್ಟು ಪಿಎಚ್‌ನಲ್ಲಿ ಕರಗುವುದಿಲ್ಲ, ಹಾಗಾಗಿ ಇದ್ದೂ ಇಲ್ಲದಂತೆ.

ಕಾಕಾ ಎಲ್ಲ ಕೇಳಿ, "ಕ್ಯಾಲ್ಸಿಯಂ ಅಂದ್ರ ಕ್ಯಾಲ್ಸಿಯಮ್ಮ ಅಲ್ಲೇನೋ?" ಅಂದರು. ನೋಡಿ, ಎಲ್ಲ ಗೊಂದಲ ಇರುವುದು ಇಲ್ಲೇ. ಹೆಸರಿನ ತಲೆ ಒಂದೇ ಇದ್ದರೆ ಸಾಮಾನೂ ಒಂದೇ ಅಂತ ಜನ ತಿಳಿಯುತ್ತಾರೆ. ನಿಮ್ಮ ವರದಿಗಾರರೂ ತಿಳಿಯುತ್ತಾರೆ. ಆದರೆ ಅದು ಏನು ಕೆಲಸ ಮಾಡುತ್ತದೆ ಅನ್ನುವುದು ಎಷ್ಟೋ ಸಲ ಬಾಲದಲ್ಲಿರುತ್ತದೆ, ಅಂದರೆ ಸಲ್ಫೇಟ್, ಕಾರ್ಬೊನೇಟ್ ಅನ್ನುವ ಕೊನೆಯ ಪದದಲ್ಲಿ.

ಸುಣ್ಣದ ಮಾತು ಬಂದ ಮೇಲೆ ಅದನ್ನು ಪೂರ್ತಿ ಮಾಡಿಬಿಡುತ್ತೇನೆ, ಯಾಕೆಂದರೆ ಸುಣ್ಣ ಅಂದರೂ ಒಂದಲ್ಲ, ಮೂರು. ಬಾಗಲಕೋಟೆ, ಲೋಕಾಪುರದ ಕಡೆ ಸಿಮೆಂಟಿಗೆ ತೆಗೆಯುವ ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಭಟ್ಟಿಯಲ್ಲಿ 900 ಡಿಗ್ರಿಯ ಹತ್ತಿರ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ಅದು ಕ್ಯಾಲ್ಸಿಯಂ ಆಕ್ಸೈಡ್. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಎಲೆ ಅಡಿಕೆಗೆ ಹಚ್ಚುವುದು, ಗೋಡೆಗೆ ಬಳಿಯುವುದು ಇದನ್ನೇ. ಲೆಕ್ಕ ಬೇಕಾದರೆ, 100 ಕಿಲೋ ಶುದ್ಧ ಕಲ್ಲು ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ, ಅದನ್ನು ಅರಳಿಸಿದರೆ 74 ಕಿಲೋ. ಕಲ್ಲನ್ನು ಕೈಯಲ್ಲಿ ಹಿಡಿದು ಆಡಬಹುದು. ಸುಟ್ಟ ಸುಣ್ಣದ ಪುಡಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ದಾಳಿಂಬೆ, ದ್ರಾಕ್ಷಿ ಬೆಳೆಯುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಪುಸ್ತಕದಲ್ಲಿ ಇರುತ್ತದೆ. ಅಲ್ಲಿ ಹೇಳಿದ್ದು ಸುಟ್ಟ ಸುಣ್ಣ. ಪ್ಯಾಕೆಟ್ಟಿನಲ್ಲಿ ಬರುವ ಅರಳಿದ ಸುಣ್ಣ ಹಾಕಿದರೆ ಒಂದು ಕಿಲೋದ ಜಾಗಕ್ಕೆ ಸುಮಾರು ಒಂದು ಕಿಲೋ ಮುನ್ನೂರು ಗ್ರಾಂ ಬೇಕು. ಕಡಿಮೆ ಬಿದ್ದರೆ ತಾಮ್ರ ಬಿಡಿಯಾಗಿ ಉಳಿದು ಎಲೆ ಸುಡುತ್ತದೆ. ಅದಕ್ಕೇ ಹಳಬರು ದ್ರಾವಣದಲ್ಲಿ ಕುಡುಗೋಲು ಅದ್ದಿ ನೋಡುತ್ತಾರೆ. ಕಬ್ಬಿಣದ ಅಲಗಿನ ಮೇಲೆ ಬಿಡಿ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಕಬ್ಬಿಣದ ಡ್ರಮ್ಮಿನಲ್ಲಿ ಬೋರ್ಡೋ ಕಲಸಬೇಡಿ ಅನ್ನುವುದೂ ಇದೇ ಕಾರಣಕ್ಕೆ.

ಇಷ್ಟೆಲ್ಲ ಹೇಳುವ ನಾನು ತಪ್ಪೇ ಮಾಡಿಲ್ಲ ಅಂತಲ್ಲ. ಅಂಗಡಿಗೆ ಬಂದ ಹೊಸದರಲ್ಲಿ ಒಬ್ಬರು ಪೊಟ್ಯಾಸಿಯಂ ನೈಟ್ರೇಟ್ ಕೇಳಿದರು, ನಮ್ಮ ಭಾಷೆಯಲ್ಲಿ ಹದಿಮೂರು ಸೊನ್ನೆ ನಲವತ್ತೈದು, ಅಂದರೆ ನೈಟ್ರೋಜನ್, ರಂಜಕ, ಪೊಟ್ಯಾಷ್ ನೂರಕ್ಕೆ ಎಷ್ಟೆಷ್ಟು ಅನ್ನುವ ಲೆಕ್ಕ. ಗದ್ದಲದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಚೀಲ ಎತ್ತಿಕೊಟ್ಟೆ. ಎರಡೂ ಬೆಳ್ಳಗೆ, ಎರಡಕ್ಕೂ ನೈಟ್ರೇಟ್ ಬಾಲ. ಆವತ್ತು ನಾನು ಬಾಲ ನೋಡಿದೆ, ತಲೆ ನೋಡಲಿಲ್ಲ. ಅವರು ಅದನ್ನು ಡ್ರಿಪ್ಪಿನ ಟ್ಯಾಂಕಿನಲ್ಲಿ ಸೊನ್ನೆ ಸೊನ್ನೆ ಐವತ್ತರ ಜೊತೆ, ಅಂದರೆ ಪೊಟ್ಯಾಸಿಯಂ ಸಲ್ಫೇಟಿನ ಜೊತೆ ಕಲಸಿದರು. ಟ್ಯಾಂಕೆಲ್ಲ ಹಾಲಿನಂತೆ ಬೆಳ್ಳಗಾಯಿತು. ಆ ಕ್ಯಾಲ್ಸಿಯಮ್ಮೂ ಈ ಸಲ್ಫೇಟೂ ಕೂಡಿ ಆಗಿದ್ದು ಜಿಪ್ಸಮ್! ಹೊಲಕ್ಕೆ ಬೇಕಾದಾಗ ಸಿಗದ ಜಿಪ್ಸಮ್ ಆವತ್ತು ಡ್ರಿಪ್ಪರ್ ತೂತುಗಳಲ್ಲಿ ತಯಾರಾಗಿ ಕುಳಿತಿತ್ತು. ಆ್ಯಸಿಡ್ ಬಿಟ್ಟು ತೊಳೆದರೂ ಹೋಗಲಿಲ್ಲ. ಆ್ಯಸಿಡ್ಡಿಗೆ ಕಾರ್ಬೊನೇಟ್ ಕರಗುತ್ತದೆಯೇ ಹೊರತು ಈ ಸಲ್ಫೇಟ್ ಹಾಗೆ ಕರಗುವುದಿಲ್ಲ. ಕೊನೆಗೆ ಎಷ್ಟೋ ಲ್ಯಾಟರಲ್ ಪೈಪು ನಾನೇ ಹೊಸದು ಹಾಕಿಸಿಕೊಟ್ಟೆ. ಆವತ್ತಿನಿಂದ ಚೀಲ ಕೊಡುವಾಗ ಪೂರ್ತಿ ಹೆಸರು ಗಟ್ಟಿಯಾಗಿ ಓದಿಯೇ ಕೊಡುತ್ತೇನೆ. ಹುಡುಗರು ನಗುತ್ತಾರೆ. ನಗಲಿ.

ಈಗ ನಿಮ್ಮ ಉಳಿದ ಪುಟಗಳಿಗೆ ಬರುತ್ತೇನೆ. ಬೇಸಿಗೆ ಬಂತು ಅಂದರೆ ನಮ್ಮ ಜಿಲ್ಲೆಯ ಹಳ್ಳಿಗಳ ಬೋರ್‌ವೆಲ್ ನೀರಿನ ಬಗ್ಗೆ ಸುದ್ದಿ ಇದ್ದೇ ಇರುತ್ತದೆ, ಅದರಲ್ಲಿ "ಫ್ಲೋರಿನ್ ಯುಕ್ತ ನೀರು" ಅನ್ನುವ ಮಾತೂ ಇದ್ದೇ ಇರುತ್ತದೆ. ಫ್ಲೋರಿನ್ ಅಂದರೆ ತಿಳಿ ಹಳದಿ ಬಣ್ಣದ ಗ್ಯಾಸು. ಅದು ಎಷ್ಟು ಉಗ್ರ ಅಂದರೆ ನೀರಿಗೆ ತಾಕಿದರೆ ನೀರಿನ ಜೊತೆಗೇ ಜಗಳಕ್ಕೆ ಬೀಳುತ್ತದೆ. ಅದನ್ನು ಬೇರ್ಪಡಿಸಲು ಹೋಗಿ ಎಷ್ಟೋ ವಿಜ್ಞಾನಿಗಳು ಆರೋಗ್ಯ ಕಳಕೊಂಡರು, ಕೆಲವರು ಪ್ರಾಣವನ್ನೇ ಬಿಟ್ಟರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಹೆನ್ರಿ ಮೊಯ್ಸಾನ್ ಗೆದ್ದರು, 1906ರಲ್ಲಿ ನೊಬೆಲ್ ಕೂಡ ಬಂತು. ಅಂಥ ಫ್ಲೋರಿನ್ ನಮ್ಮ ಬೋರಿನಿಂದ ಬರುತ್ತದೆಯೇ? ಬರುವುದು ಫ್ಲೋರೈಡ್. ಬಂಡೆಯಿಂದ ಕರಗಿ ನೀರಿಗೆ ಸೇರಿದ್ದು, ಬಣ್ಣ ಇಲ್ಲ, ವಾಸನೆ ಇಲ್ಲ. ಲೀಟರಿಗೆ 1 ಮಿಲಿಗ್ರಾಂ ತನಕ ಪರವಾಗಿಲ್ಲ, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಅದು ಜಾಸ್ತಿಯಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ, ಆಮೇಲೆ ಮೂಳೆ, ಬೆನ್ನು.

ಒಂದು ಅಕ್ಷರಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ ಅಂತ ಅನ್ನಿಸಬಹುದು. ಕಾರಣ ಇದೆ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆ ಇದ್ದರೆ ನಮ್ಮ ಹೆಣ್ಣುಮಕ್ಕಳು ಕೊಡ ತೆರೆದಿಟ್ಟು ರಾತ್ರಿ ಕಳೆಯಲು ಬಿಡುತ್ತಾರೆ, ಇಲ್ಲ ಕುದಿಸುತ್ತಾರೆ, ವಾಸನೆ ಹೋಗುತ್ತದೆ. ಸರಿಯಾದ ಕೆಲಸವೇ, ಯಾಕೆಂದರೆ ಅದು ಗ್ಯಾಸು. ಈಗ ನೀವು "ಫ್ಲೋರಿನ್" ಅಂತ ಬರೆದರೆ ಓದಿದವರು ಏನು ತಿಳಿಯಬೇಕು? ಅದೂ ಕ್ಲೋರಿನ್ ತಮ್ಮನೇ ಇರಬೇಕು, ಕುದಿಸಿದರೆ ಹೋದೀತು ಅಂತ. ನನಗೇ ಒಬ್ಬ ತಾಯಿ ಹಾಗೆ ಹೇಳಿದ್ದಾರೆ, "ನಾವು ಕಾಸೇ ಕುಡೀತೀವ್ರಿ" ಅಂತ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಅಂದರೆ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿ! ಕ್ಲೋರಿನ್ನಿಗೂ ಕ್ಲೋರೈಡಿಗೂ ಇದೇ ಮಾತು. ಒಂದು ಟ್ಯಾಂಕಿಗೆ ಹಾಕುವ ಔಷಧಿ, ಇನ್ನೊಂದು ಅಡುಗೆ ಉಪ್ಪಿನ ಭಾಗ.

ನೈಟ್ರೇಟ್ ವಿಷಯ ಇನ್ನೂ ಸೂಕ್ಷ್ಮ. ನಾವು ಹೊಲಕ್ಕೆ ಸುರಿದ ಯೂರಿಯಾದಲ್ಲಿ ಬೆಳೆ ಹಿಡಿಯದೆ ಬಿಟ್ಟದ್ದು ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ಇದರಲ್ಲಿ ಅಂಗಡಿಯವನಾದ ನನ್ನ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ಅದು ಎಳೆ ಕೂಸಿನ ಹೊಟ್ಟೆಯಲ್ಲಿ ನೈಟ್ರೈಟ್ ಆಗುತ್ತದೆ. ರಕ್ತ ಆಮ್ಲಜನಕ ಹೊರದಂತೆ ಮಾಡುವುದು ಈ ನೈಟ್ರೈಟ್, ಕೂಸು ನೀಲಿಗಟ್ಟುವುದು ಅದರಿಂದ. ಇನ್ನು ಲ್ಯಾಬ್ ಚೀಟಿಯ ತಮಾಷೆ ಕೇಳಿ. ಕೆಲವು ಲ್ಯಾಬ್ ಬರೀ ನೈಟ್ರೇಟ್ ಅಂತ ಲೆಕ್ಕ ಕೊಡುತ್ತವೆ, ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೆಲವು ನೈಟ್ರೇಟಿನೊಳಗಿನ ನೈಟ್ರೋಜನ್ ಅಷ್ಟನ್ನೇ ಎಣಿಸುತ್ತವೆ, ಆಗ ಅದೇ ಮಿತಿ 10ರ ಹತ್ತಿರ ಬರುತ್ತದೆ. 62 ಪಾಲು ನೈಟ್ರೇಟಿನಲ್ಲಿ ನೈಟ್ರೋಜನ್ 14 ಪಾಲು ಅಷ್ಟೇ ಇರುವುದು. ಈಗ ಚೀಟಿಯಲ್ಲಿ ನೈಟ್ರೋಜನ್ ಲೆಕ್ಕದ 12 ಇದೆ ಅಂದುಕೊಳ್ಳಿ. ವರದಿಗಾರರು ಬಾಲ ಓದದೆ 45ರ ಪಕ್ಕ ಇಟ್ಟು ನೋಡಿದರೆ "ನೀರು ಸುರಕ್ಷಿತ" ಅಂತ ಬರೆಯುತ್ತಾರೆ. ನಿಜವಾಗಿ ಅದು 53, ಮಿತಿ ದಾಟಿದ ನೀರು.

ಗೊಬ್ಬರದ ಚೀಲದಲ್ಲೂ ಇಂಥದ್ದೇ ಆಟ ಇದೆ. ಕೆಂಪು ಪೊಟ್ಯಾಷ್ ಚೀಲದ ಮೇಲೆ 60% ಅಂತ ಇರುತ್ತದೆ. 50 ಕಿಲೋದಲ್ಲಿ 30 ಕಿಲೋ ಪೊಟ್ಯಾಸಿಯಂ ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಅದು ಪೊಟ್ಯಾಸಿಯಂ ಅಲ್ಲ, ಪೊಟ್ಯಾಷ್, ಅಂದರೆ ಆಮ್ಲಜನಕದ ತೂಕವೂ ಸೇರಿದ ಪೊಟ್ಯಾಸಿಯಂ ಆಕ್ಸೈಡ್ ಲೆಕ್ಕ. ನಿಜವಾದ ಪೊಟ್ಯಾಸಿಯಂ 25 ಕಿಲೋ ಹತ್ತಿರ. ಹಿಂದಿನ ಕಾಲದ ಕೆಮಿಸ್ಟರು ಹಾಕಿಕೊಟ್ಟ ಲೆಕ್ಕ, ಜಗತ್ತೆಲ್ಲ ಇನ್ನೂ ಅದನ್ನೇ ಎಳೆಯುತ್ತಿದೆ. ಇದರಲ್ಲಿ ನಿಮ್ಮ ತಪ್ಪೇನಿಲ್ಲ ಬಿಡಿ.

ಸಕ್ಕರೆ ಕಾರ್ಖಾನೆ ಸುದ್ದಿಯಲ್ಲಿ ಮಾತ್ರ ನಿಮ್ಮದೇ ತಪ್ಪು. ಕಾಕಂಬಿಯಿಂದ ಮಾಡಿ ಪೆಟ್ರೋಲಿಗೆ ಬೆರೆಸುವುದು ಎಥನಾಲ್. ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ, ಅಂದರೆ ಪ್ರೆಸ್‌ಮಡ್ಡಿನಿಂದ ತೆಗೆಯುವ ಗ್ಯಾಸಿನಲ್ಲಿರುವುದು ಮೀಥೇನ್. ಇವೆರಡರ ನಡುವೆ ನಿಮ್ಮಲ್ಲಿ ಒಮ್ಮೆ "ಮೆಥನಾಲ್ ಘಟಕ" ಅಂತ ಶೀರ್ಷಿಕೆ ಬಂತು. ಮೆಥನಾಲ್ ನೋಡಲು ಎಥನಾಲಿನ ಹಾಗೇ ಇದೆ, ವಾಸನೆಯೂ ಹತ್ತಿರ ಹತ್ತಿರ. ಇಂಗಾಲದ ಪರಮಾಣು ಒಂದು, ಜಲಜನಕದ್ದು ಎರಡು ಕಡಿಮೆ, ಅಷ್ಟೇ. ಕುಡಿದರೆ ಮೈಯೊಳಗೆ ಫಾರ್ಮಿಕ್ ಆ್ಯಸಿಡ್ ಆಗಿ ಮೊದಲು ಕಣ್ಣು, ಆಮೇಲೆ ಜೀವ ತೆಗೆಯುತ್ತದೆ. ಕಳ್ಳಭಟ್ಟಿ ದುರಂತಗಳಲ್ಲಿ ಸಾಲು ಸಾಲು ಜನ ಸಾಯುವುದು ಹೆಚ್ಚಾಗಿ ಇದರಿಂದಲೇ. ವಿಚಿತ್ರ ಅಂದರೆ ಮೆಥನಾಲ್ ಕುಡಿದವರಿಗೆ ಆಸ್ಪತ್ರೆಯಲ್ಲಿ ಎಥನಾಲ್ ಕೊಡುವುದುಂಟು. ಎರಡನ್ನೂ ಅರಗಿಸುವುದು ಲಿವರಿನ ಒಂದೇ ಕಿಣ್ವ. ಅದು ಎಥನಾಲಿನ ಕೆಲಸದಲ್ಲಿ ಮುಳುಗಿದಾಗ ಮೆಥನಾಲ್ ವಿಷವಾಗದೆ ಹೊರಗೆ ಹೋಗಲು ಟೈಮ್ ಸಿಗುತ್ತದೆ. ಇಷ್ಟು ದೂರದ ಎರಡು ಸಾಮಾನನ್ನು ನೀವು ಒಂದೇ ಶೀರ್ಷಿಕೆಯಲ್ಲಿ ಅದಲು ಬದಲು ಮಾಡಿದಿರಿ.

ಇನ್ನು ಬೆಲ್ಲ. ಮಹಾಲಿಂಗಪುರದ ಬೆಲ್ಲದ ಬಗ್ಗೆ ಬರೆಯುವಾಗ "ಗಾಣದಲ್ಲಿ ಸಲ್ಫರ್ ಹಾಕುತ್ತಾರೆ" ಅಂತ ಬರೆಯುತ್ತೀರಿ. ಬೆಲ್ಲ ಹಳದಿ ಕಾಣಲಿ ಅಂತ ಕೆಲವರು ಹಾಕುವುದು ಹೈಡ್ರೋಸ್, ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಹೈಡ್ರೋ ಅಂದರೆ ನೀರು ಅಲ್ವಾ, ಏನಾಗಲ್ಲ ಅಂತ ನನ್ನ ಅಂಗಡಿಯಲ್ಲೇ ಒಬ್ಬರು ವಾದ ಮಾಡಿದ್ದರು! ಸಲ್ಫರ್ ಅಂದರೆ ಗಂಧಕ, ದ್ರಾಕ್ಷಿಗೆ ಬೂದಿರೋಗ ಬಂದರೆ ಹೊಡೆಯುವ ಹಳದಿ ಪುಡಿ. ಸಲ್ಫೇಟ್ ಬೆಳೆಯ ಬೇರು ಹೀರುವ ರೂಪ. ಸಲ್ಫೈಡ್ ಬಾಲದ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆ ವಾಸನೆಯ ಗ್ಯಾಸು, ಮ್ಯಾನ್‌ಹೋಲಿಗೆ ಇಳಿದವರ ಜೀವ ತೆಗೆಯುವುದು. ಏಟ್, ಐಟ್, ಐಡ್. ಕನ್ನಡದಲ್ಲಿ ಬರೆದರೆ ಒಂದು ಗುಣಿತದ ವ್ಯತ್ಯಾಸ, ಇಲ್ಲ ಟಕಾರ ಡಕಾರದ ವ್ಯತ್ಯಾಸ, ಕರಡು ತಿದ್ದುವವರ ಕಣ್ಣು ತಪ್ಪುವುದು ಸಹಜ. ಆದರೆ ಶಾಸಕರ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಮರುದಿನವೇ ವಿಷಾದ ಅಂತ ಹಾಕುತ್ತೀರಲ್ಲ.

ಕನ್ನಡದ ಪದ ಬಳಸಿ ಅಂತ ಕೆಲವರು ನಿಮಗೆ ಬರೆಯುತ್ತಾರೆ, ನನಗೂ ಕನ್ನಡದ ಮೇಲೆ ಪ್ರೀತಿ ಇದೆ. ಆದರೆ ಕನ್ನಡ ಪದಗಳಲ್ಲೂ ಇದೇ ಪೇಚಾಟ. ನಿಮ್ಮ ಪತ್ರಿಕೆಯಲ್ಲಿ ಅಣುಬಾಂಬ್, ಅಣು ವಿದ್ಯುತ್ ಅಂತ ಬರುತ್ತದೆ. ನನ್ನ ಮಗಳು ಒಂಬತ್ತನೇ ಕ್ಲಾಸು, ಅವಳ ವಿಜ್ಞಾನದಲ್ಲಿ ಅಣು ಬೇರೆ, ಪರಮಾಣು ಬೇರೆ. ಎರಡು ಜಲಜನಕ, ಒಂದು ಆಮ್ಲಜನಕದ ಪರಮಾಣು ಸೇರಿ ನೀರಿನ ಒಂದು ಅಣು. "ಹಂಗಾದ್ರ ಅಪ್ಪಾ, ಅಣುಬಾಂಬಿನ್ಯಾಗ ಒಡಿಯೂದು ಅಣು ಅಲ್ಲಲ್ಲ?" ಅಂತ ಕೇಳಿದಳು. ಅಲ್ಲ. ಒಡೆಯುವುದು ಪರಮಾಣುವಿನ ಬೀಜ. ಅಣು ಒಡೆಯುವುದಾದರೆ ಒಲೆಯ ಮೇಲೆ ಸಕ್ಕರೆ ಸೀದರೂ ಒಡೆಯುತ್ತದೆ. ಈ ಗೊಂದಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಬಿದ್ದಿದ್ದರು ಅನ್ನುವುದು ಸಮಾಧಾನ. ಇಟಲಿಯ ಅವೊಗಾಡ್ರೊ 1811ರಲ್ಲೇ ಎರಡೂ ಬೇರೆ ಅಂತ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಯುರೋಪಿನ ರಸಾಯನ ವಿಜ್ಞಾನಿಗಳೆಲ್ಲ ಸಭೆ ಸೇರಿದಾಗ ಕನ್ನಿಜಾರೊ ಅದನ್ನು ಮತ್ತೆ ಎತ್ತಿ ಹೇಳಿದ ಮೇಲೆಯೇ ಒಬ್ಬೊಬ್ಬರಾಗಿ ಒಪ್ಪಿಕೊಂಡರು.

ಆಮ್ಲಜನಕ ಅನ್ನುವ ಹೆಸರೇ ತಪ್ಪು ಲೆಕ್ಕದಿಂದ ಬಂದದ್ದು. ಆಮ್ಲ ಹುಟ್ಟಿಸುವುದು ಇದೇ ಅಂತ ಅದಕ್ಕೆ ಹೆಸರಿಟ್ಟ ಫ್ರಾನ್ಸಿನ ವಿಜ್ಞಾನಿ ಲವಾಸಿಯೆ ತಿಳಿದಿದ್ದರು. ನಮ್ಮ ಡ್ರಿಪ್ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಈಗ ಆ ಹೆಸರು ಬದಲಿಸಿ ಅಂತ ನಾನೇನೂ ಹೇಳುತ್ತಿಲ್ಲ. ಬಳಕೆಯಲ್ಲಿ ಕೂತ ಹೆಸರು ಕೂತೇ ಇರಲಿ.

ನಾನು ಕೇಳುವುದು ಇಷ್ಟೇ. ಗೊಬ್ಬರ, ಔಷಧಿ, ನೀರಿನ ಸುದ್ದಿಯಲ್ಲಿ ಚೀಲದ ಮೇಲೆ, ಲ್ಯಾಬ್ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಪೂರ್ತಿ ಬರೆಯಿರಿ, ಸರಳ ಮಾಡಲು ಹೋಗಬೇಡಿ. ರೈತರಿಗೆ ಕ್ಯಾಲ್ಸಿಯಂ ಸಲ್ಫೇಟ್ ಅನ್ನುವುದು ಕಷ್ಟದ ಮಾತಲ್ಲ. ಹತ್ತೊಂಬತ್ತು ಹತ್ತೊಂಬತ್ತು ಹತ್ತೊಂಬತ್ತು ಅಂತ ನಾಲಿಗೆ ತೊಡರದೆ ಹೇಳುವ ಜನ ನಾವು.

ಕಾಕಾ ಸುಣ್ಣ ಒಯ್ಯಲಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂತ ಕಳಿಸಿದ್ದೇನೆ, ಎರಡರಲ್ಲಿ ಯಾವ ರೋಗ ಅಂತ ಅದು ಬಂದ ಮೇಲೆಯೇ ಗೊತ್ತಾಗುವುದು. ಆದರೆ ನಿಮ್ಮ ಪುಟ ಓದಿದವರು ಅವರೊಬ್ಬರೇ ಅಲ್ಲ. ಜಿಪ್ಸಮ್ ಹಾಕುವವರು ಮುಂಗಾರು ಹಿಡಿಯುವ ಮೊದಲೇ ಹಾಕಿ ಮಣ್ಣಿಗೆ ಬೆರೆಸಬೇಕು, ಮಳೆ ನೀರು ಬಿದ್ದರೇ ಅದರ ಕೆಲಸ ಶುರು. ಹಾಗಾಗಿ ತಿದ್ದುಪಡಿಯನ್ನು ಮೃಗಶಿರಾ ಹುಟ್ಟುವುದರೊಳಗೆ, ಅದೇ ಕೃಷಿ ಪುಟದಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ ಹಾಕಿ.

ನಿಮ್ಮ ಓದುಗ,
ಗೊಬ್ಬರದ ಅಂಗಡಿಯವನು, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ